ರಾಜ್ಯಪಾಲ ಪದವಿ: ಆರಂಭವೋ, ಮುಕ್ತಾಯವೋ?



ಮಂಗಳೂರಿನಿಂದ ಮೂಡುಬಿದಿರೆಗೆ ಹೋಗತಕ್ಕ ಹೆದ್ದಾರಿಯಲ್ಲಿ, ಗುರುಪುರದ ಹೊಳೆಯನ್ನು ದಾಟುವುದಕ್ಕೆ ಮೊದಲು, ವಾಮಂಜೂರು ದೊರೆಯುತ್ತದೆ. ಇಲ್ಲಿನ ಸ್ತ್ರೀಯೊಬ್ಬಳು ನಗರದ ಆಡಳಿತಸಭೆಗೆ ಆರಿಸಿ ಹೋದರೆ ಇಂದು ಯಾರೂ ಹುಬ್ಬೇರಿಸುವುದಿಲ್ಲ. ಈ ಮಾರ್ಪಾಡಿಗೆ ದುಡಿದವರಲ್ಲಿ, 1942ರಲ್ಲಿ ಮಂಗಳೂರಿನಲ್ಲಿಯೇ ಜನಿಸಿದ ಶ್ರೀಮತಿ ಮಾರ್ಗರೆಟ್ ಆಳ್ವ ಅವರೂ ಒಬ್ಬರು. ಅವರ ರಾಜಕೀಯ ಜೀವನವನ್ನು ನಾವು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಜಪಾನ್ ದೇಶದಲ್ಲಿ 1947ರಿಂದ ಪ್ರಾಂತಗಳ ಗವರ್ನರುಗಳನ್ನು ಪ್ರಜೆಗಳೇ ಚುನಾಯಿಸುತ್ತಾರೆ. ಆ ಪದವಿಯು ಅಲ್ಲಿ ಮುಂದಿನ ಏಳಿಗೆಗೆ ಮೆಟ್ಟಿಲಾಗುವುದುಂಟು. ಕುಮಾಮೊಟೊ ಪ್ರಾಂತವನ್ನು 1983ರಿಂದ 1991ರವರೆಗೆ ಆಳಿದ ಮೊರಿಹಿರೊ ಹೊಸೊಕಾವಾ ಅವರು 1993ರಲ್ಲಿ ಪ್ರಧಾನಮಂತ್ರಿಗಳಾದರು. ನಮ್ಮಲ್ಲಿಯಾದರೋ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ದೀರ್ಘಕಾಲದ ರಾಜಕಾರಣದ ಕೊನೆಯಲ್ಲಿ ಈ ಗೌರವವು ಬರುವುದೇ ಹೆಚ್ಚು.

ಶ್ರೀಮತಿ ಆಳ್ವ ಅವರ ಅತ್ತೆಯವರಾದ ವಯೊಲೆಟ್ ಆಳ್ವ ಅವರು ರಾಜ್ಯಸಭೆಯ ಉಪಸಭಾಪತಿಗಳಾಗಿದ್ದವರು; ಮಾವನವರಾದ ಜೋಕಿಂ ಆಳ್ವ ಅವರು ಲೋಕಸಭೆಯ ಸದಸ್ಯರು. ಮನೆತನದ ಬೆಂಬಲವು ಇವರಿಗೆ ಬಾಗಿಲನ್ನು ತೆರೆದಿತ್ತೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಆದರೆ ಒಳಹೊಕ್ಕು ಏನು ಮಾಡಿದರೆಂಬುದೇ ಮುಖ್ಯ. 1974ರಿಂದ 1998ರವರೆಗೆ ರಾಜ್ಯಸಭೆಯಲ್ಲಿಯೂ, 1999ರಿಂದ 2004ರವರೆಗೆ ಉತ್ತರ ಕನ್ನಡದ ಪ್ರತಿನಿಧಿಯಾಗಿ ಲೋಕಸಭೆಯಲ್ಲಿಯೂ ಇದ್ದರು. ಮಹಿಳಾ ಕಲ್ಯಾಣದ ಸಚಿವೆಯಾಗಿದ್ದಾಗ, 1988ರಲ್ಲಿ ಸಿದ್ಧವಾದ ರಾಷ್ಟ್ರೀಯ ಯೋಜನೆಯು ಸ್ಥಳೀಯ ಸಂಸ್ಥೆಗಳಲ್ಲಿ ಸ್ತ್ರೀಯರಿಗೆ ನೂರಕ್ಕೆ 30 ಸ್ಥಾನಗಳನ್ನು ಮೀಸಲಿಡಬೇಕೆಂದಿತು. 1992ರಲ್ಲಿ ಅಂಗೀಕೃತವಾದ ಸಂವಿಧಾನದ ತಿದ್ದುಪಡಿಗಳು ಮೂರರಲ್ಲೊಂದು ಪಾಲನ್ನು ವಿಧಿಸಿದವು.

2009ರಲ್ಲಿ ಅವರು ಉತ್ತರಾಖಂಡದ ಪ್ರಥಮ ಮಹಿಳಾ ರಾಜ್ಯಪಾಲರಾದರು; 2012ರಿಂದ 2014ರವರೆಗೆ ರಾಜಸ್ಥಾನದಲ್ಲಿದ್ದರು. ಅಲ್ಲಿಗೂ ವಿಶ್ರಾಂತಿಯಾಗಲಿಲ್ಲ. 2022ರಲ್ಲಿ ಉಪರಾಷ್ಟ್ರಪತಿ ಪದವಿಗೆ ವಿರೋಧಪಕ್ಷಗಳ ಅಭ್ಯರ್ಥಿಯಾಗಿ ನಿಂತು 182 ಮತಗಳನ್ನು ಪಡೆದರು. ಶ್ರೀ ಜಗದೀಪ ಧನಕರ್ ಅವರು 528 ಮತಗಳಿಂದ ಗೆದ್ದರು.

ಪದವಿಗಳ ಈ ಪಟ್ಟಿಯನ್ನು ಜನರು ಮರೆತಾರು. ಆದರೆ ಊರಿನ ಸಭೆಯಲ್ಲಿ ಸ್ತ್ರೀಗೆ ದೊರೆತ ಆಸನವು ಉಳಿದಿದೆ. ಶಾಸನಸಭೆ, ಲೋಕಸಭೆಗಳಲ್ಲಿ ಅದೇ ಪಾಲನ್ನು ವಿಧಿಸಲು 2023ರವರೆಗೆ, ಅಂದರೆ ಮತ್ತೆ 31 ವರ್ಷ ಕಾಯಬೇಕಾಯಿತು. ಅದೂ ಜನಗಣತಿ ಮತ್ತು ಕ್ಷೇತ್ರವಿಂಗಡಣೆಗಳು ಮುಗಿದ ಮೇಲೆಯೇ ಜಾರಿಗೆ ಬರತಕ್ಕದ್ದೆಂಬ ನಿಬಂಧನೆಯೊಡನೆ. ಹಳ್ಳಿಯ ಆಡಳಿತಕ್ಕೆ ತಕ್ಕವಳೆನಿಸಿದವಳು ದೇಶದ ಆಡಳಿತಕ್ಕೆ ಇಷ್ಟು ಕಾಲ ಕಾಯಬೇಕಾದುದೇಕೆಂಬ ಪ್ರಶ್ನೆಯನ್ನು ತಮ್ಮ ವಿವೇಚನೆಗೆ ಒಪ್ಪಿಸಿ ವಿರಮಿಸುತ್ತೇವೆ.