ಬಚ್ಚಲೊಲೆಯ ಬೂದಿ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ದೀಪಾವಳಿಯ ನೀರು ತುಂಬುವ ಹಬ್ಬದಂದು ಬಚ್ಚಲುಮನೆಯ ಹಂಡೆಗೆ ಸಲ್ಲುವ ಮರ್ಯಾದೆ ವರ್ಷದ ಬೇರಾವ ದಿನವೂ ಸಲ್ಲುವುದಿಲ್ಲ. ಹುಣಸೆಹುಳಿ, ಬೂದಿ ಹಾಕಿ ಹಂಡೆಯನ್ನು ತಿಕ್ಕಿ ಬೆಳಗಲಾಗುತ್ತದೆ. ಒಲೆಯೊಳಗೆ ಕೂಡಿದ್ದ ಹಳೆಯ ಬೂದಿಯನ್ನು ಬಾಚಿ ತೆಗೆದು, ಕಟ್ಟೆಯನ್ನು ಸಾರಿಸಿ, ಸುಣ್ಣದ ಪಟ್ಟೆ ಬಳಿದು, ಹಂಡೆಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸಲಾಗುತ್ತದೆ. ಈ ಉಪನ್ಯಾಸದ ವಿಷಯ ಹಂಡೆಯೂ ಅಲ್ಲ, ನೀರೂ ಅಲ್ಲ. ಅಂದು ಒಲೆಯಿಂದ ಹೊರಬರುವ ಬೂದಿ.

ಹಳ್ಳಿಯ ಮನೆಯಲ್ಲಿ ಬೂದಿ ಎಂದೂ ಕಸವೆನಿಸಿರಲಿಲ್ಲ. ಪಾತ್ರೆ ತೊಳೆಯಲು ಅದೇ ಬೇಕಾಗಿತ್ತು. ಅಲಸಂದೆ, ಹೆಸರು ಮುಂತಾದ ಬಿತ್ತನೆ ಕಾಳುಗಳಿಗೆ ಹುಳು ಬೀಳದಂತೆ ಬೂದಿ ಬೆರೆಸಿ ಇಡುತ್ತಿದ್ದರು. ಕುಂಬಳ, ಹೀರೆ ಬಳ್ಳಿಗಳ ಎಲೆಗೆ ಮುಂಜಾನೆಯ ಇಬ್ಬನಿಯಲ್ಲಿ ಬೂದಿ ಎರಚಿದರೆ ಕೀಟದ ಕಾಟ ತಗ್ಗುತ್ತಿತ್ತು. ಉಳಿದದ್ದು ತಿಪ್ಪೆಗೆ ಸೇರಿ, ಅದರಲ್ಲಿದ್ದ ಪೊಟ್ಯಾಷ್ ಹೊಲಕ್ಕೆ ಮರಳುತ್ತಿತ್ತು. ಈ ರೂಢಿಗಳಲ್ಲಿ ಹಲವು ಇಂದಿಗೂ ಉಳಿದಿವೆ. ಆದರೆ ಬೂದಿ ಹಳೆಯದಾಗಿ ಉಳಿದಿಲ್ಲ.

ಒಲೆಗೆ ಹೋಗುವುದು ಬದಲಾಗಿದೆ. ಮಲೆನಾಡು, ಕರಾವಳಿಗಳಲ್ಲಿ ತೆಂಗಿನ ಗರಿ, ಮಟ್ಟೆ, ಅಡಿಕೆ ಸಿಪ್ಪೆ. ಬಯಲುಸೀಮೆಯಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಜಾಲಿ. ಇವು ಈಗಲೂ ಉರಿಯುತ್ತಿವೆ. ಇವುಗಳ ಜೊತೆಯಲ್ಲಿ ಹಾಲಿನ ಪೊಟ್ಟಣ, ಕುರುಕಲು ತಿಂಡಿಯ ಬೆಳ್ಳಿಬಣ್ಣದ ಚೀಟಿ, ಶಾಂಪೂ ಚೀಟಿ, ಹರಿದ ಚಪ್ಪಲಿ, ಒಡೆದ ಪೈಪಿನ ತುಂಡು, ಹಳೆಯ ವೈರು, ಮಗುವಿನ ಡಯಾಪರ್ ಸಹ ಉರಿಯುತ್ತಿವೆ. ಅಡುಗೆಗೆ ಗ್ಯಾಸ್ ಬಂದಿರುವ ಮನೆಗಳಲ್ಲಿಯೂ ಸ್ನಾನದ ನೀರಿಗೆ ಸೌದೆಯ ಒಲೆ ಉಳಿದಿರುವುದುಂಟು. ಅಡುಗೆ ಒಲೆಗೆ ಪ್ಲಾಸ್ಟಿಕ್ ಹಾಕಲು ಹಿಂಜರಿಯುವ ಗೃಹಿಣಿಯೂ ಬಚ್ಚಲೊಲೆಗೆ ಹಾಕಲು ಹಿಂಜರಿಯುವುದಿಲ್ಲ, ಏಕೆಂದರೆ ಅಲ್ಲಿ ಬೇಯುವುದು ಅನ್ನವಲ್ಲ, ನೀರು ಮಾತ್ರ.

ಈ ಒಲೆಯ ರಚನೆಯನ್ನು ಸ್ವಲ್ಪ ಗಮನಿಸಬೇಕು. ಹಂಡೆಯಲ್ಲಿ ನೀರಿರುವವರೆಗೆ ಅದರ ತಳದ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚೇನೂ ಏರುವುದಿಲ್ಲ. ಮೇಲೇಳುವ ಜ್ವಾಲೆ ಆ ತಣ್ಣನೆಯ ಲೋಹಕ್ಕೆ ತಾಗಿ ಪೂರ್ತಿ ಉರಿಯುವ ಮೊದಲೇ ಆರುತ್ತದೆ. ಹಂಡೆಯ ಹೊರಮೈಗೆ ಹತ್ತುವ ಮಸಿಯೇ ಇದಕ್ಕೆ ಸಾಕ್ಷಿ. ಸೌದೆಯ ಮಟ್ಟಿಗೆ ಇದು ಇಂಧನದ ನಷ್ಟ ಮತ್ತು ಹೊಗೆಯ ತೊಂದರೆ. ಪ್ಲಾಸ್ಟಿಕ್ ಬೆರೆತಾಗ ವಿಷಯ ಬೇರೆಯಾಗುತ್ತದೆ.

ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲವೆಂಬುದನ್ನು ಹೇಳುವುದು ನ್ಯಾಯ. ಹಾಲಿನ ಪೊಟ್ಟಣದ ಪಾಲಿಥೀನ್‌ನಲ್ಲಿರುವುದು ಇಂಗಾಲ ಮತ್ತು ಜಲಜನಕ. ಅದು ಅರೆಬರೆ ಉರಿದಾಗ ಮಸಿ ಮತ್ತು ಕಾರ್ಬನ್ ಮಾನಾಕ್ಸೈಡ್ ಏಳುತ್ತವೆ. ಪಿವಿಸಿಯ ಕಥೆ ಇದಕ್ಕಿಂತ ಕೆಟ್ಟದ್ದು. ಶುದ್ಧ ಪಿವಿಸಿ ರಾಳದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ ಇರುತ್ತದೆ. ಪೈಪು, ವೈರಿನ ಹೊದಿಕೆ, ಫ್ಲೆಕ್ಸ್ ಇವೆಲ್ಲ ಪಿವಿಸಿಯ ರೂಪಗಳು. ಕ್ಲೋರಿನ್ ಇರುವ ವಸ್ತು ಕಡಿಮೆ ಶಾಖದಲ್ಲಿ ಹೊಗೆಯಾಡುತ್ತ ಉರಿದಾಗ ಡಯಾಕ್ಸಿನ್ ಎಂಬ ವಿಷಗುಂಪು ಹುಟ್ಟುತ್ತದೆ. ವೈರಿನಲ್ಲಿರುವ ತಾಮ್ರ ಅದಕ್ಕೆ ಇನ್ನಷ್ಟು ಸಹಾಯ ಮಾಡುತ್ತದೆ. ಈ ಗುಂಪಿನ ಅತ್ಯಂತ ತೀವ್ರವಾದ ವಿಷವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ.

ಆಸ್ಪತ್ರೆಯ ತ್ಯಾಜ್ಯವನ್ನು ಸುಡುವ ಯಂತ್ರಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿರುವ ಷರತ್ತನ್ನು ಇದರೊಂದಿಗೆ ಹೋಲಿಸಿ ನೋಡಬಹುದು. ಮೊದಲ ಕೋಣೆಯಲ್ಲಿ ಸುಮಾರು 800 ಡಿಗ್ರಿ, ಎರಡನೆಯ ಕೋಣೆಯಲ್ಲಿ ಸುಮಾರು 1050 ಡಿಗ್ರಿ ಉಷ್ಣತೆ, ಆ ಎರಡನೆಯ ಕೋಣೆಯಲ್ಲಿ ಅನಿಲ ಕನಿಷ್ಠ 2 ಸೆಕೆಂಡು ನಿಲ್ಲಬೇಕು, ಚಿಮಣಿಯಲ್ಲಿ ಮಾಪನವಿರಬೇಕು. ಬಚ್ಚಲೊಲೆಯಲ್ಲಿ ಇದಾವುದೂ ಇಲ್ಲ. ಅದರ ಚಿಮಣಿಯೆಂದರೆ ಬಹುಪಾಲು ಮನೆಗಳಲ್ಲಿ ಹೆಂಚಿನ ಸಂದು ಅಥವಾ ಗೋಡೆಯ ಕಿಂಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂತಹ ಸುಧಾರಿತ ಒಲೆಗಳು ಸೌದೆಯನ್ನು ಉಳಿಸಿ, ಹೊಗೆಯನ್ನು ಮನೆಯಿಂದ ಹೊರಗೆ ಸಾಗಿಸುವುದು ದೊಡ್ಡ ಉಪಕಾರವೇ ಸರಿ. ಆದರೆ ಪ್ಲಾಸ್ಟಿಕ್ಕಿನ ವಿಷವನ್ನು ಯಾವ ಸೌದೆ ಒಲೆಯೂ ಇಲ್ಲವಾಗಿಸದು. ಚಿಮಣಿ ಅದನ್ನು ಪಕ್ಕದ ಮನೆಯ ಅಂಗಳಕ್ಕೆ ಕಳುಹಿಸುತ್ತದೆ, ಅಷ್ಟೆ.

ಹೊಗೆ ಮೂಗಿಗೆ ಹೋಗುವುದೇ ಮುಖ್ಯ ಅಪಾಯವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನುಷ್ಯರ ಮೈ ಸೇರುವ ಡಯಾಕ್ಸಿನ್‌ನಲ್ಲಿ ಶೇ. 90ಕ್ಕಿಂತ ಹೆಚ್ಚು ಬರುವುದು ಆಹಾರದಿಂದ, ಅದರಲ್ಲಿಯೂ ಮುಖ್ಯವಾಗಿ ಹಾಲು, ಮಾಂಸ, ಮೀನುಗಳಿಂದ. ಹೊಗೆಯಲ್ಲಿ ತೇಲಿದ್ದು ಹುಲ್ಲಿನ ಮೇಲೆ ಇಳಿಯುತ್ತದೆ, ಹಸು ಮೇಯುತ್ತದೆ, ಕೊಬ್ಬಿನಲ್ಲಿ ನಿಲ್ಲುವ ಗುಣವಿರುವುದರಿಂದ ಹಾಲಿಗೆ ಬರುತ್ತದೆ. ಬೂದಿ ಸುರಿದ ತಿಪ್ಪೆಯನ್ನು ನಾಟಿಕೋಳಿ ದಿನವಿಡೀ ಕೆದಕುತ್ತದೆ, ಮಣ್ಣಿನ ಸಮೇತ ಕಾಳು ಹೆಕ್ಕುತ್ತದೆ. ವಿಷ ಮೊಟ್ಟೆಯ ಹಳದಿಗೆ ಸೇರುತ್ತದೆ. ಪೇಟೆಯವರು ಹೆಚ್ಚು ಬೆಲೆ ಕೊಟ್ಟು ಹುಡುಕುವ ನಾಟಿ ಮೊಟ್ಟೆಯ ಗತಿ ಇದು. ಒಮ್ಮೆ ಮೈಸೇರಿದ ಡಯಾಕ್ಸಿನ್ ಅರ್ಧಕ್ಕಿಳಿಯಲು 7ರಿಂದ 11 ವರ್ಷ ಬೇಕಾಗುತ್ತದೆಂದು ಅಂದಾಜು. ಬಸುರಿಯ ಮೈಯಿಂದ ಗರ್ಭಕ್ಕೂ, ತಾಯಿಯ ಹಾಲಿನಿಂದ ಕೂಸಿಗೂ ಅದು ದಾಟುತ್ತದೆ. ಇನ್ನು ಪ್ಲಾಸ್ಟಿಕ್ಕಿನ ಬಣ್ಣ ಮತ್ತು ಬೆರಕೆಗಳಲ್ಲಿರುವ ಸೀಸದಂತಹ ಲೋಹಗಳು ಬೆಂಕಿಯಲ್ಲಿ ನಾಶವಾಗುವುದೇ ಇಲ್ಲ. ಒಂದಿಷ್ಟು ಹೊಗೆಯೊಡನೆ ಹೋದರೆ ಉಳಿದದ್ದು ಬೂದಿಯಲ್ಲಿಯೇ ನಿಂತು, ಆ ಬೂದಿಯೊಡನೆ ಹೀರೆಬಳ್ಳಿಯ ಬುಡಕ್ಕೂ ಪಾತ್ರೆ ತೊಳೆಯುವ ಕಟ್ಟೆಗೂ ಬರುತ್ತದೆ.

ಜನರಿಗೆ ತಿಳಿವಳಿಕೆಯಿಲ್ಲವೆಂದು ಇಲ್ಲಿಗೆ ಮಾತು ಮುಗಿಸುವುದು ಸುಲಭ. ಅದು ಸರಿಯಲ್ಲ. ಮನೆಯವರು ಪ್ಲಾಸ್ಟಿಕ್ಕನ್ನು ಒಲೆಗೆ ಹಾಕುವುದಕ್ಕೆ ಎರಡು ಗಟ್ಟಿ ಕಾರಣಗಳಿವೆ. ಮಳೆಗಾಲದಲ್ಲಿ ಒದ್ದೆ ಸೌದೆಗೆ ಬೆಂಕಿ ಹತ್ತುವುದಿಲ್ಲ, ಒಂದು ಪೊಟ್ಟಣ ಹಚ್ಚಿದರೆ ಹತ್ತುತ್ತದೆ. ಎರಡನೆಯದಾಗಿ, ಆ ಪೊಟ್ಟಣವನ್ನು ಕೊಡಲು ಬೇರೆ ಜಾಗವಿಲ್ಲ. ಮೊದಲನೆಯದಕ್ಕೆ ಮನೆಯಲ್ಲಿಯೇ ಉಪಾಯವುಂಟು: ಬೇಸಿಗೆಯಲ್ಲಿಯೇ ತೆಂಗಿನ ನಾರು, ಒಣ ಗರಿ, ಅಡಿಕೆ ಹಾಳೆ, ಜೋಳದ ದಂಟುಗಳನ್ನು ಒಂದು ಮೂಟೆ ಕಟ್ಟಿ ಒಲೆಯ ಮೇಲಣ ಅಟ್ಟದಲ್ಲಿ ಇಡುವುದು. ಹಿಂದಿನವರು ಮಾಡುತ್ತಿದ್ದುದು ಇದನ್ನೇ. ಎರಡನೆಯದು ಮನೆಯವರ ಕೈಯಲ್ಲಿಲ್ಲ. ಅದು ಪಂಚಾಯಿತಿಯ ಕೆಲಸ.

ಕಾನೂನೂ ಹಾಗೆಯೇ ಹೇಳುತ್ತದೆ. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು 2016 ಗ್ರಾಮೀಣ ಪ್ರದೇಶಕ್ಕೂ ಅನ್ವಯಿಸುತ್ತವೆ. ಪ್ಲಾಸ್ಟಿಕ್ ತ್ಯಾಜ್ಯದ ವಿಂಗಡಣೆ, ಸಂಗ್ರಹಣೆ, ಸಾಗಣೆ, ಹಾಗೂ ಅದನ್ನು ಬಯಲಿನಲ್ಲಿ ಸುಡದಂತೆ ನೋಡಿಕೊಳ್ಳುವ ಹೊಣೆಯನ್ನು ಆ ನಿಯಮಗಳು ಗ್ರಾಮ ಪಂಚಾಯಿತಿಗೇ ವಹಿಸಿವೆ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಡಿಸೆಂಬರ್ 2016ರ ಆದೇಶದಲ್ಲಿ ಬಯಲಿನಲ್ಲಿ ಕಸ ಸುಡುವುದಕ್ಕೆ ರೂ. 5,000, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ ರೂ. 25,000 ಪರಿಹಾರ ವಿಧಿಸಲು ಸೂಚಿಸಿದೆ. ಗುಡಿಸಿದ ಕಸವನ್ನು ರಸ್ತೆ ಬದಿಯಲ್ಲಿಯೇ ಗುಡ್ಡೆ ಹಾಕಿ ಬೆಂಕಿ ಇಡುವ ಪಂಚಾಯಿತಿ, ಬಚ್ಚಲೊಲೆಯ ಬಗ್ಗೆ ಮನೆಯವರಿಗೆ ಬುದ್ಧಿ ಹೇಳಿದರೆ ಯಾರೂ ಕಿವಿಗೊಡಲಾರರು.

ಫ್ಲೆಕ್ಸ್‌ನ ಮಾತೂ ಇಲ್ಲಿಯೇ ಬರುತ್ತದೆ. ರಾಜ್ಯ ಸರ್ಕಾರವು ಮಾರ್ಚ್ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳೊಡನೆ ಫ್ಲೆಕ್ಸ್ ಮತ್ತು ಬ್ಯಾನರುಗಳನ್ನೂ ನಿಷೇಧಿಸಿತು. ಆದರೂ ಹುಟ್ಟುಹಬ್ಬ, ಜಾತ್ರೆ, ಗೆಲುವಿನ ಅಭಿನಂದನೆಗಳಿಗೆ ಕಟ್ಟಿದ ಫ್ಲೆಕ್ಸ್ ವಾರದ ಬಳಿಕ ಬಣವೆಯ ಹೊದಿಕೆಯಾಗಿ, ಮರುವರ್ಷ ಬಚ್ಚಲಿನ ಮರೆಯಾಗಿ, ಚಿಂದಿಯಾದ ಮೇಲೆ ಒಲೆಗೆ ಸೇರುತ್ತದೆ. ಅದರಲ್ಲಿ ಕೈಮುಗಿದು ನಗುತ್ತಿರುವ ಮುಖ ಕೆಲವೊಮ್ಮೆ ಪಂಚಾಯಿತಿಯ ಸದಸ್ಯರದ್ದೇ ಆಗಿರುತ್ತದೆ. ಬಟ್ಟೆಯ ಬ್ಯಾನರಿಗೆ ಖರ್ಚು ಹೆಚ್ಚೆಂಬುದು ನಿಜ. ಬ್ಯಾನರೇ ಬೇಡವೆಂದರೆ ಖರ್ಚೇ ಇಲ್ಲ.

ಒಣಕಸದ ವಾಹನ ದಿನವೂ ಬರಬೇಕೆಂಬ ಭಾವನೆಯಿಂದ ಅನೇಕ ಪಂಚಾಯಿತಿಗಳು ಅಧೈರ್ಯಪಡುತ್ತವೆ. ಸರಳವಾದ ಲೆಕ್ಕವೊಂದನ್ನು ನೋಡಬಹುದು. ಖಾಲಿ ಹಾಲಿನ ಪೊಟ್ಟಣ ಸುಮಾರು 3 ಗ್ರಾಂ ಎಂದಿಟ್ಟುಕೊಂಡರೆ, ದಿನಕ್ಕೆ 2 ಪೊಟ್ಟಣ ಬಳಸುವ ಮನೆಯಲ್ಲಿ ತಿಂಗಳಿಗೆ ಕೂಡುವುದು 180 ಗ್ರಾಂ. ಅಂತಹ 500 ಮನೆಗಳಿದ್ದರೆ 90 ಕಿಲೋ. ತೊಳೆದು ಒಣಗಿಸಿ ಮೊಳೆಗೆ ತೂಗುಹಾಕಿದ ಚೀಲದಲ್ಲಿಟ್ಟ ಪ್ಲಾಸ್ಟಿಕ್ ನಾರುವುದಿಲ್ಲ, ಕೊಳೆಯುವುದಿಲ್ಲ. ಹದಿನೈದು ದಿನ ಕಾಯಬಲ್ಲದು. ಹಸಿಕಸ ಹೇಗೂ ಹಿತ್ತಿಲ ತಿಪ್ಪೆಗೋ ಕೊಟ್ಟಿಗೆಗೋ ಹೋಗುತ್ತದೆ. ಆದುದರಿಂದ ದಿನವೂ ಬರುವೆನೆಂದು ಹೇಳಿ ಬಾರದ ವಾಹನಕ್ಕಿಂತ, ತಿಂಗಳಿಗೆ ಎರಡು ಸಲ ಹೇಳಿದ ದಿನ ತಪ್ಪದೆ ಬರುವ ವಾಹನ ಲೇಸು. ಒಂದು ಸಲ ತಪ್ಪಿದರೂ ಚೀಲ ಒಲೆಯ ಬಾಯಿಗೆ ಹೋಗುತ್ತದೆಂಬುದನ್ನು ನೆನಪಿಡಬೇಕು. ವಾಹನದ ಹೊಣೆಯನ್ನು ಸ್ವಸಹಾಯ ಸಂಘಗಳ ಮಹಿಳೆಯರು ವಹಿಸಿಕೊಂಡಿರುವ ಕಡೆ ಅವರ ಗೌರವಧನ ತಿಂಗಳು ತಿಂಗಳು ಸಲ್ಲುವಂತೆ ನೋಡುವುದು ಸಾಮಾನ್ಯ ಸಭೆಯ ಮೊದಲ ವಿಷಯವಾಗಬೇಕು. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿರುವಂತೆ ಹಲವು ಪಂಚಾಯಿತಿಗಳ ಒಣಕಸವನ್ನು ಒಂದೆಡೆ ತಂದು ವಿಂಗಡಿಸುವ ಘಟಕವಿದ್ದರೆ ಮಾರಾಟ ಸುಲಭ. ಮರುಬಳಕೆಗೆ ಬಾರದ ಬೆಳ್ಳಿಬಣ್ಣದ ಚೀಟಿಗಳನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳುಹಿಸಬಹುದು. ಅಲ್ಲಿನ ಶಾಖ 1400 ಡಿಗ್ರಿಯನ್ನು ಮೀರುತ್ತದೆ.

ಸಭೆಗಳಲ್ಲಿ ಯಾರೂ ಎತ್ತದ ವಿಷಯವೊಂದಿದೆ. ಮುಟ್ಟಿನ ಪ್ಯಾಡುಗಳು ಮತ್ತು ಡಯಾಪರ್‌ಗಳು ಬಚ್ಚಲೊಲೆಗೆ ಹೋಗುವುದು ಅಸಡ್ಡೆಯಿಂದಲ್ಲ, ಸಂಕೋಚದಿಂದ. ಒಣಕಸದ ಚೀಲದಲ್ಲಿ ಅವನ್ನು ಹಾಕಲು ಯಾವ ಹೆಣ್ಣುಮಗಳೂ ಒಪ್ಪಳು, ಹಾಕಲೂಬಾರದು. ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡುವ ವ್ಯವಸ್ಥೆ, ಪಡೆಯಲು ವಾಹನದಲ್ಲಿ ಮಹಿಳೆಯೇ ಇರುವುದು, ಮುಚ್ಚಳವಿರುವ ಪ್ರತ್ಯೇಕ ಡಬ್ಬಿ ಇವಿಷ್ಟರಿಂದ ಕೆಲಸ ಆರಂಭಿಸಬಹುದು. ಪಂಚಾಯಿತಿ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿದ್ದಾರೆ. ಈ ಮಾತನ್ನು ಅವರು ಮನೆಮನೆಯಲ್ಲಿ ಆಡಬಲ್ಲರು. ಬಟ್ಟೆಯ ಪ್ಯಾಡು, ಮುಟ್ಟಿನ ಬಟ್ಟಲುಗಳ ಬಗ್ಗೆಯೂ ಅವರೇ ಹೇಳುವುದು ಚೆನ್ನ. ಶಾಲೆಗಳಿಗೆ ಸಣ್ಣ ಸುಡುಯಂತ್ರ ಕೊಳ್ಳುವ ಪ್ರಸ್ತಾವ ಬಂದಾಗ, ಅದು ಎಷ್ಟು ಡಿಗ್ರಿ ತಲಪುತ್ತದೆಂದು ಮಾರುವವರಿಂದ ಬರವಣಿಗೆಯಲ್ಲಿ ಪಡೆಯಬೇಕು. ಉತ್ತರ ಬಾರದಿದ್ದರೆ ಅದೂ ಒಂದು ಬಚ್ಚಲೊಲೆಯೆಂದೇ ತಿಳಿಯತಕ್ಕದ್ದು.

ಪರೀಕ್ಷೆ ಸದಸ್ಯರ ಸ್ವಂತ ಮನೆಯಿಂದಲೇ ಆಗಲಿ. ಬರಿಯ ಸೌದೆಯ ಬೂದಿ ನಸುಬಿಳಿಯಾಗಿ, ಬೆರಳಲ್ಲಿ ಹಿಟ್ಟಿನಂತೆ ನುಣುಪಾಗಿರುತ್ತದೆ. ಜರಡಿ ಹಿಡಿದಾಗ ಕರಗಿ ಗಟ್ಟಿಯಾದ ಕರಿಯ ಹರಳು, ಬೆಳ್ಳಿಬಣ್ಣದ ಹಾಳೆಯ ಚೂರು, ತಂತಿಯ ತುಂಡು ಸಿಕ್ಕಿದರೆ ಅದು ಬೇರೆ ಬೂದಿ. ಅದನ್ನು ಗಿಡಕ್ಕೆ, ತಿಪ್ಪೆಗೆ, ಪಾತ್ರೆಗೆ ಬಳಸಬಾರದು. ಬಾವಿ, ಕೆರೆ, ಕೊಟ್ಟಿಗೆಗಳಿಂದ ದೂರದಲ್ಲಿ ನೀರು ನಿಲ್ಲದ ಕಡೆ ಗುಂಡಿ ತೋಡಿ ಮುಚ್ಚಿ, ಮೇಲೆ ಕೋಳಿ ಕೆದಕದಂತೆ ಕಲ್ಲು ಹೇರಬೇಕು. ಈ ಬಾರಿಯ ನೀರು ತುಂಬುವ ಹಬ್ಬಕ್ಕೆ ಒಲೆ ತೆಗೆಯುವಾಗಲೇ ಇದನ್ನು ಮಾಡಿ, ಅಂದೇ ಬಚ್ಚಲಿನ ಗೋಡೆಗೆ ಒಂದು ಮೊಳೆ ಹೊಡೆದು ಚೀಲ ತೂಗುಹಾಕಬಹುದು.