ಮೀನು ಓದಲು ಹೊರಟವರಿಗೆ

ಕೊಡಗಿನ ಶನಿವಾರಸಂತೆಯಲ್ಲಿ ಬಿ.ಎಸ್ಸಿ. ಮುಗಿಸಿದ ಹುಡುಗಿಯೊಬ್ಬಳು 'ಮೀನಿನ ಮೇಲೆ ಪಿಎಚ್.ಡಿ. ಮಾಡ್ತೀನಿ' ಅಂದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಸಾಕುವ ಕೆಲಸವಾ, ಮಾರುವ ಕೆಲಸವಾ? ಎರಡೂ ಅಲ್ಲ. ಯಾವ ಮೀನು ಯಾವ ನೀರಿನಲ್ಲಿ ಬದುಕುತ್ತದೆ, ಏನು ತಿನ್ನುತ್ತದೆ, ಎಲ್ಲಿ ಮೊಟ್ಟೆಯಿಡುತ್ತದೆ, ಯಾಕೆ ಕಾಣೆಯಾಗುತ್ತದೆ ಎಂದು ಹುಡುಕುವ ಕೆಲಸ.

ದಾರಿಗಳಿವೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಮೀನುಗಾರಿಕಾ ವಿಜ್ಞಾನದಲ್ಲೇ ಪದವಿ ಪಡೆದವರು ಅಲ್ಲಿ ಎಂ.ಎಫ್.ಎಸ್ಸಿ. ಮಾಡಬಹುದು. ಪ್ರಾಣಿಶಾಸ್ತ್ರದವರು ವಿಶ್ವವಿದ್ಯಾಲಯದ ಎಂ.ಎಸ್ಸಿ. ಮುಗಿಸಿ ನೆಟ್ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಈ ಅಂಕಿ ಕೇಳಿದ ಮೇಲೆ ಮನೆಯವರ ಹುಬ್ಬು ಸ್ವಲ್ಪ ಸಡಿಲವಾಗುತ್ತದೆ!

ಗೈಡ್ ಆಗುವವರಿಗೆ ಪತ್ರ ಬರೆಯುವಾಗ ಮಾತ್ರ 'ನನಗೆ ಮೀನೆಂದರೆ ಆಸಕ್ತಿ' ಅಂದರೆ ಸಾಲದು. ಅಂಥ ಪತ್ರ ಅವರಿಗೆ ದಿನಾ ಬರುತ್ತಿರುತ್ತದೆ. ಒಂದು ಪ್ರಶ್ನೆ ಹಿಡಿದುಕೊಂಡು ಹೋಗಬೇಕು. ಸೋಮವಾರಪೇಟೆ ತಾಲ್ಲೂಕಿನವರಿಗೆ ಪ್ರಶ್ನೆಗೇನು ಬರ? ಕೊಡ್ಲಿಪೇಟೆ ಕಡೆಯ ನೀರು ಹೇಮಾವತಿ, ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪುಷ್ಪಗಿರಿಯ ಕುಮಾರಧಾರೆ ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ನಡುವಿನ ಗುಡ್ಡವನ್ನು ಮೀನು ದಾಟಲಾರದು. ಹಾಗಾದರೆ ಎರಡೂ ಕಡೆ ಇರುವ ಮೀನುಗಳು ಯಾವುವು, ಒಂದೇ ಕಡೆ ಇರುವವು ಯಾವುವು? ಇನ್ನೊಂದು: ಕಾಫಿ ಪಲ್ಪಿಂಗ್ ನೀರು ಹಳ್ಳಕ್ಕೆ ಸೇರುವುದು ಹಳ್ಳ ಸೊರಗಿರುವ ಚಳಿಗಾಲದಲ್ಲೇ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುತ್ತದೆ. ಆಗ ಮಡುವಿನ ಮೀನಿನ ಗತಿಯೇನು? ಮೊದಲ ಮಳೆಗೆ ಗದ್ದೆ ಹತ್ತುವ ಮೀನು ಕೊಯ್ಲಿನ ಹೊತ್ತಿಗೆ ಎಷ್ಟು ಉಳಿದಿರುತ್ತದೆ? ನನ್ನನ್ನು ಕೇಳಿದರೆ ಪ್ರಸಿದ್ಧ ಮೀನಿಗಿಂತ ಈ ಹಳ್ಳದ ಪ್ರಶ್ನೆಯೇ ಒಳ್ಳೆಯದು.

ಪ್ರಸಿದ್ಧ ಮೀನಿನ ಕಥೆಯೂ ಇದೆ. ಕಾವೇರಿಯ ಗೂನುಬೆನ್ನಿನ ಮಹಶೀರ್ ಗಾಳದವರಿಗೆ ನೂರಕ್ಕೂ ಹೆಚ್ಚು ವರ್ಷದ ಪರಿಚಯ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದು ಸಿಕ್ಕಿತ್ತು. ಅಷ್ಟು ದೊಡ್ಡ ಮೀನಿಗೆ ಯಾವ ವೈಜ್ಞಾನಿಕ ಹೆಸರು ಸಲ್ಲುತ್ತದೆ ಎಂದು ತೀರ್ಮಾನವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅಷ್ಟರಲ್ಲಿ ಕಾವೇರಿಯಲ್ಲಿ ಬೇರೂರಿತ್ತು.

ಪ್ರಯೋಗಾಲಯದ ದಿನಚರಿ ಹೊಳೆಯಷ್ಟು ಚೆಂದವಲ್ಲ. ಹಿಡಿದ ಮೀನಿನ ರೆಕ್ಕೆಯ ಒಂದು ಚೂರನ್ನು ಮೊದಲು ಆಲ್ಕೋಹಾಲಿಗೆ ಹಾಕಬೇಕು, ಆಮೇಲೆ ಮೀನನ್ನು ಫಾರ್ಮಲಿನ್‌ಗೆ. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ. ಅವಸರದಲ್ಲಿ ಈ ಕ್ರಮ ತಪ್ಪಿದರೆ ವಂಶದ ಲೆಕ್ಕಕ್ಕೆ ಆ ಮೀನು ಅಷ್ಟಾಗಿ ಒದಗುವುದಿಲ್ಲ. ನಂತರ ಕ್ಯಾಲಿಪರ್ ಹಿಡಿದು ಮೂತಿಯಿಂದ ಬಾಲದ ಬುಡದವರೆಗೆ ಅಳತೆ. ಬಾಲ ಹರಿದಿರಬಹುದಲ್ಲ, ಅದನ್ನು ಸೇರಿಸುವುದಿಲ್ಲ. ಪಕ್ಕೆಯ ಗೆರೆಯುದ್ದಕ್ಕೂ ಹುರುಪೆಗಳನ್ನು ಸೂಜಿಮೊನೆಯಲ್ಲಿ ಒಂದೊಂದಾಗಿ ಎಣಿಸಬೇಕು. ಎಣಿಕೆ ನಡುವೆ ಫೋನು ಬಂದರೆ ಮತ್ತೆ ಮೊದಲಿನಿಂದ.

ಕೊನೆಗೊಂದು ಕಚೇರಿಯ ಮಾತು. ಪುಷ್ಪಗಿರಿ ವನ್ಯಧಾಮದೊಳಗೆ ಬಲೆ ಬಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು, ಕಡತ ಅದರದೇ ನಡಿಗೆಯಲ್ಲಿ ಸಾಗುತ್ತದೆ. ಮುಂಗಾರಿನ ಮೀನು ಬೇಕಿದ್ದರೆ ಕಾಫಿ ಕೊಯ್ಲಿನ ಹೊತ್ತಿಗೇ ಅರ್ಜಿ ಹಾಕಿಬಿಡಿ.