ಓಡುತ್ತಿರುವ ಯಂತ್ರದ ರೂಟ್‌ಗೆ ಕೈ ಹಾಕುವಾಗ



ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಲಿನಕ್ಸ್ ಬಳಸುವ ವಿದ್ಯಾರ್ಥಿಗಳಿಗೆ, ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಇಂದಿನ ಮಾತು ಮುಖ್ಯವಾಗಿ ಸಲ್ಲುತ್ತದೆ. ಯಂತ್ರ ನಡೆಯುತ್ತಿರುವಾಗಲೇ ಅದರ ರೂಟ್ ವಿಭಾಗದ ಕಡತ ವ್ಯವಸ್ಥೆಯನ್ನು ತಿದ್ದುವುದು ಹೇಗೆ ಸಾಧ್ಯವಾಯಿತು ಎಂಬುದೇ ವಿಷಯ.

ಬೇರೆ ವಿಭಾಗವಾದರೆ ಅದನ್ನು ಅನ್‌ಮೌಂಟ್ ಮಾಡಿ, ಅಂದರೆ ಬಳಕೆಯಿಂದ ಬಿಡಿಸಿ, ತಿದ್ದಬಹುದು. ರೂಟ್ ಹಾಗಲ್ಲ, ಇಡೀ ವ್ಯವಸ್ಥೆ ನಿಂತಿರುವುದೇ ಅದರ ಮೇಲೆ. ಬೀರೂರು ಜಂಕ್ಷನ್‌ನಿಂದ ತರೀಕೆರೆಗೆ ಹೋಗುವ ಹಳಿ ಕೆಟ್ಟರೆ ರೈಲು ತಡೆದು ಕೆಲಸ ಮುಗಿಸುತ್ತಾರೆ. ಇಲ್ಲಿ ಹಳಿ ಸರಿಮಾಡಬೇಕಾದವನೂ ಓಡುವ ರೈಲಿನೊಳಗೇ ಕುಳಿತಿರುತ್ತಾನೆ.

ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಕೈಯಲ್ಲಿ. ಅದರ ಕಡತ ವ್ಯವಸ್ಥೆಯಲ್ಲಿ ಡಿಸ್ಕಿನ ಒಟ್ಟು ಲೆಕ್ಕ ಸೂಪರ್‌ಬ್ಲಾಕ್ ಎಂಬ ಭಾಗದಲ್ಲಿರುತ್ತದೆ. ಯಂತ್ರ ನಡೆಯುವಾಗ ಸೂಪರ್‌ಬ್ಲಾಕ್‌ನ ಒಂದು ಪ್ರತಿ ಮೆಮೊರಿಯಲ್ಲಿದ್ದು, ಆಗಾಗ ಡಿಸ್ಕಿಗೆ ಮರಳಿ ಬರೆಯಲ್ಪಡುತ್ತದೆ. ತೊಡಕು ಇರುವುದೇ ಇಲ್ಲಿ. ನೀವು ಡಿಸ್ಕಿನಲ್ಲಿ ತಿದ್ದಿದ್ದನ್ನು ಮೆಮೊರಿಯ ಹಳೆಯ ಪ್ರತಿ ಬಂದು ಅಳಿಸಿಬಿಡುತ್ತದೆ. ಅದಕ್ಕೇ ಡಿಸ್ಕ್ ಪರೀಕ್ಷಿಸುವ ಎಫ್‌ಎಸ್‌ಸಿಕೆ, ರೂಟ್ ರಿಪೇರಿ ಮುಗಿದೊಡನೆ ‘ಸಿಂಕ್ ಮಾಡದೆ’, ಅಂದರೆ ಮೆಮೊರಿಯ ಪ್ರತಿಯನ್ನು ಡಿಸ್ಕಿಗೆ ಬರೆಯದೆ, ‘ಮರುಚಾಲನೆ ಮಾಡಿ’ ಎಂದು ದೊಡ್ಡ ಅಕ್ಷರಗಳಲ್ಲಿ ಎಚ್ಚರಿಸುತ್ತಿತ್ತು. ಇಷ್ಟು ನೇರವಾಗಿ ಅಪಾಯ ಹೇಳಿದ ಆ ಕಾಲದವರ ಬಗ್ಗೆ ನನಗೆ ಗೌರವವಿದೆ.

1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ 4.2ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿ ಬಂತು. ಅದರಲ್ಲಿ ಮಾರ್ಷಲ್ ಕರ್ಕ್ ಮೆಕ್ಯುಸಿಕ್ ಮತ್ತು ಸಂಗಡಿಗರ ವೇಗದ ಕಡತ ವ್ಯವಸ್ಥೆಯಿತ್ತು. ಅದನ್ನು ಹದಗೊಳಿಸಲು ಟ್ಯೂನ್‌ಎಫ್‌ಎಸ್ ಎಂಬ ಸಾಧನವೂ ಜೊತೆಗೆ ಬಂತು. ಆದರೆ ರೂಟ್ ತಿದ್ದಿದರೆ ಯಂತ್ರವನ್ನು ಮತ್ತೆ ಚಾಲೂ ಮಾಡಲೇಬೇಕೆಂದು ಅದರ ಕೈಪಿಡಿಯೇ ಒಪ್ಪಿಕೊಂಡಿತ್ತು.

ಲಿನಕ್ಸ್‌ನ ಎಕ್ಸ್ಟ್2 ಕಡತ ವ್ಯವಸ್ಥೆ 1993ರದು, ಫ್ರಾನ್ಸಿನ ರೆಮಿ ಕಾರ್ಡ್ ಮುಂದಾಳತ್ವದ್ದು. ಅದನ್ನು ಹದಗೊಳಿಸುವ ಟ್ಯೂನ್2ಎಫ್‌ಎಸ್ ಸಾಧನದ ಮೂಲಕ, ರೂಟ್ ಬಳಕೆಯಲ್ಲಿರುವಾಗಲೇ ನಿರ್ವಾಹಕರಿಗೆಂದು ಕಾದಿಟ್ಟ ಶೇಕಡಾ 5ರ ಜಾಗವನ್ನು ಕಡಿಮೆ ಮಾಡುವುದು ಸಾಧ್ಯವಾಯಿತು. ಆದರೆ ಕರೆಂಟ್ ದಿಢೀರನೆ ಹೋದರೆ ಡಿಸ್ಕನ್ನೆಲ್ಲ ತಡಕಾಡಿ ಪರೀಕ್ಷಿಸಬೇಕಿತ್ತು. ಡಿಸ್ಕು ದೊಡ್ಡದಾದಷ್ಟೂ ಕಾಯುವುದೂ ಹೆಚ್ಚು. 2001ರ ನವೆಂಬರಿನಲ್ಲಿ ಮುಖ್ಯ ಕರ್ನೆಲ್ ಸೇರಿದ ಸ್ಟೀಫನ್ ಟ್ವೀಡಿಯವರ ಎಕ್ಸ್ಟ್3 ಜರ್ನಲ್ ಎಂಬ ದಿನಚರಿಯನ್ನು ಕೊಟ್ಟಿತು. ಮುಂದೆ ಮಾಡಬೇಕಾದ ಬದಲಾವಣೆಯನ್ನು ಮೊದಲು ಅಲ್ಲಿ ಬರೆದು, ಆಮೇಲೆ ಡಿಸ್ಕಿಗೆ ಇಳಿಸುವುದು. ಕರೆಂಟ್ ಬಂದಮೇಲೆ ದಿನಚರಿ ಓದಿದರೆ ಸಾಕು. ಇದರ ಸೊಗಸೆಂದರೆ, ಓಡುತ್ತಿರುವ ಹಳೆಯ ಎಕ್ಸ್ಟ್2 ರೂಟ್‌ಗೇ ಒಂದು ಆಜ್ಞೆಯಿಂದ ಜರ್ನಲ್ ಸೇರಿಸಬಹುದಿತ್ತು. ಡಿಸ್ಕನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಬೇಕಿರಲಿಲ್ಲ; ಎಫ್‌ಎಸ್‌ಟ್ಯಾಬ್ ಎಂಬ ಕಡತವನ್ನು ತಿದ್ದಿ ಒಮ್ಮೆ ಮರುಚಾಲನೆ ಮಾಡಿದರೆ ಮುಗಿಯಿತು.

ಮುಂದಿನ ಎಕ್ಸ್ಟ್4ರಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ಬೆಂಗಳೂರಿನಲ್ಲಿ ಐಬಿಎಂಗೆ ದುಡಿಯುತ್ತಿದ್ದ ಸುಪರ್ಣಾ ಭಟ್ಟಾಚಾರ್ಯ, 2007ರ ಒಟ್ಟಾವಾ ಲಿನಕ್ಸ್ ಸಮ್ಮೇಳನದಲ್ಲಿ ಅದನ್ನು ವಿವರಿಸಿದ ಪ್ರಬಂಧದ ಲೇಖಕರಲ್ಲೊಬ್ಬರು. 2008ರ ಡಿಸೆಂಬರಿನ 2.6.28 ಕರ್ನೆಲ್‌ನಲ್ಲಿ ಎಕ್ಸ್ಟ್4 ಎಲ್ಲರ ಬಳಕೆಗೆ ಸಿದ್ಧವಾಯಿತು.

ಇಂದು ನಡೆಯುತ್ತಿರುವ ಎಕ್ಸ್ಟ್4 ರೂಟನ್ನು ಹಿಗ್ಗಿಸಬಹುದು, ಕುಗ್ಗಿಸಲು ಬರುವುದಿಲ್ಲ. ಕುಗ್ಗಿಸುವ ಕೆಲಸಕ್ಕೆ ಪೆನ್‌ಡ್ರೈವ್‌ನಿಂದ ಯಂತ್ರ ಎಬ್ಬಿಸಿ, ರೂಟ್ ಬಳಕೆಯಲ್ಲಿಲ್ಲದಿರುವಾಗಲೇ ತಿದ್ದಿ. ಅದಕ್ಕೂ ಮೊದಲು ನಿಮ್ಮ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ಆ ಪ್ರತಿ ತೆರೆಯುತ್ತದೆಯೇ ಎಂದೂ ದಯವಿಟ್ಟು ನೋಡಿಕೊಳ್ಳಿ.